ಎಷ್ಟು ಎಳೆಯುತ್ತಿದೆ?

ಸತ್ತ ಮೊಬೈಲನ್ನು ರಿಪೇರಿ ಅಂಗಡಿಗೆ ಕೊಟ್ಟಾಗ ಮೆಕ್ಯಾನಿಕ್ ಮೊದಲು ಬ್ಯಾಟರಿ ಕಳಚಿ ಪಕ್ಕಕ್ಕಿಡುತ್ತಾನೆ. ಅದರ ಜಾಗಕ್ಕೆ ಮೇಜಿನ ಮೇಲಿನ ಡಿಸಿ ಪವರ್ ಸಪ್ಲೈನಿಂದ ಒಂದು ಕೆಂಪು, ಒಂದು ಕಪ್ಪು ವೈರು ಬರುತ್ತದೆ. ವೋಲ್ಟೇಜನ್ನು ನಾಲ್ಕರ ಆಸುಪಾಸಿಗೆ ತಿರುಗಿಸಿಟ್ಟು ಅವನು ಕಣ್ಣು ನೆಡುವುದು ಫೋನಿನ ಪರದೆಯ ಮೇಲಲ್ಲ, ಸಪ್ಲೈನ ಆಂಪಿಯರ್ ಮೀಟರಿನ ಮುಳ್ಳಿನ ಮೇಲೆ.

ಪವರ್ ಬಟನ್ ಒತ್ತುವ ಮೊದಲು ಮುಳ್ಳು ಸೊನ್ನೆಯಲ್ಲಿ ಮಲಗಿರಬೇಕು. ವೈರು ತಾಗಿಸಿದ ಕೂಡಲೇ ಅದು ಬಲತುದಿಗೆ ಹೊಡೆದು ಅಲ್ಲೇ ಅಂಟಿಕೊಂಡರೆ ‘ಫುಲ್ ಶಾರ್ಟ್’. ಸೊನ್ನೆಯಿಂದ ತುಸುವೇ ಎದ್ದು ನಿಂತರೆ ‘ಲೀಕೇಜ್’, ಕೆಲವರ ಬಾಯಲ್ಲಿ ‘ಹಾಫ್ ಶಾರ್ಟ್’. ಬಟನ್ ಒತ್ತಿದ ಮೇಲೂ ಅಲ್ಲಾಡದಿದ್ದರೆ ಬಟನ್ ದಾರಿಯಲ್ಲೋ ಪವರ್ ಐಸಿಯಲ್ಲೋ ತೊಂದರೆ. ಸ್ವಲ್ಪ ಏರಿ ಅಲ್ಲೇ ಸ್ತಬ್ಧವಾದರೆ ಪ್ರೊಸೆಸರ್‌ಗೆ ಜೀವ ಬಂದಿದೆ, ಮುಂದಿನ ಹೆಜ್ಜೆ ಇಟ್ಟಿಲ್ಲ. ಏರಿ, ಇಳಿದು, ಮತ್ತೆ ಏರಿ ಕುಣಿಯತೊಡಗಿತೋ, ಫೋನು ಬೂಟ್ ಆಗುತ್ತಿದೆ. ಆಮೇಲೂ ಪರದೆ ಕಪ್ಪಾಗಿದ್ದರೆ ಡಿಸ್‌ಪ್ಲೇ ಹೋಗಿದೆ ಅಷ್ಟೆ. ‘ಆಂಪ್ಸ್ ಚೆನ್ನಾಗಿ ತಗೋತಿದೆ ಸರ್, ಬೋರ್ಡ್ ಸರಿ ಇದೆ, ಸಂಜೆ ಬನ್ನಿ’ ಎಂದು ಅವನು ಹೇಳುವುದು ಈ ಮುಳ್ಳಿನ ಭರವಸೆಯ ಮೇಲೆ. ಸರ್ಕ್ಯೂಟ್ ಡಯಾಗ್ರಾಂ ಇನ್ನೂ ತೆರೆದೇ ಇರುವುದಿಲ್ಲ.

ಟಿವಿ ರಿಪೇರಿಯವರ ಹತ್ತಿರ ಇದಕ್ಕಿಂತ ಹಳೆಯ ಮೀಟರ್ ಇದೆ: ಹೋಲ್ಡರಿಗೆ ಸಿಕ್ಕಿಸಿದ ನೂರು ವಾಟಿನ ತಂತಿ ಬಲ್ಬು. ಅದನ್ನು ಟಿವಿಯ ಜೊತೆ ಸೀರೀಸ್‌ನಲ್ಲಿ ಹಾಕಿ ಸ್ವಿಚ್ ಒತ್ತುತ್ತಾರೆ. ಬಲ್ಬು ಒಮ್ಮೆ ಮಿಂಚಿ ಮಂಕಾದರೆ ಕೆಪಾಸಿಟರ್ ತುಂಬಿಕೊಂಡಿತು, ಬೋರ್ಡು ಸರಿಯಿದೆ. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್. ಬಲ್ಬು ಇಲ್ಲಿ ಅಳತೆಗೋಲೂ ಹೌದು, ಕಾವಲೂ ಹೌದು. 230 ವೋಲ್ಟಿನಲ್ಲಿ ಅದರ ಮೂಲಕ ಹರಿಯಬಲ್ಲ ಕರೆಂಟು ಸುಮಾರು 0.43 ಆಂಪಿಯರ್, ಒಳಗೆ ಏನೇ ಸುಟ್ಟಿರಲಿ, ತಂತಿ ಕಾದ ಮೇಲೆ ಅದಕ್ಕಿಂತ ಹೆಚ್ಚು ಹರಿಯದು. ತಣ್ಣಗಿದ್ದಾಗ ಆ ತಂತಿಯ ರೋಧ ಕಾದಾಗಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಆದ್ದರಿಂದ ಆರೋಗ್ಯವಾಗಿರುವ ಟಿವಿಗೆ ಬಲ್ಬು ಅಷ್ಟಾಗಿ ಅಡ್ಡಿಪಡಿಸುವುದಿಲ್ಲ, ಕೆಟ್ಟದ್ದಕ್ಕೆ ಮಾತ್ರ ತಡೆ ಒಡ್ಡುತ್ತದೆ. ಎಲ್‌ಇಡಿ ಬಲ್ಬಿಗೆ ಈ ಗುಣ ಇಲ್ಲ. ಹಾಗಾಗಿ ಮನೆಗಳಿಂದ ಮಾಯವಾದ ತಂತಿ ಬಲ್ಬು ರಿಪೇರಿ ಅಂಗಡಿಗಳಲ್ಲಿ ಇನ್ನೂ ಬದುಕಿದೆ.

ಸರಬರಾಜಾಗುವ ಕರೆಂಟು ಇಷ್ಟೆಲ್ಲ ಬಾಯಿಬಿಡುವುದು ಹೇಗೆ? ಇಂದಿನ ಬಹುಪಾಲು ಐಸಿಗಳು ಸಿಮಾಸ್ ಬಗೆಯವು. ಫೇರ್‌ಚೈಲ್ಡ್ ಕಂಪನಿಯಲ್ಲಿದ್ದ ಫ್ರಾಂಕ್ ವಾನ್‌ಲಾಸ್ 1963ರಲ್ಲಿ ಮುಂದಿಟ್ಟ ಈ ವಿನ್ಯಾಸದಲ್ಲಿ ಟ್ರಾನ್ಸಿಸ್ಟರ್‌ಗಳು ಜೋಡಿಯಾಗಿರುತ್ತವೆ. ಒಂದು ತೆರೆದಾಗ ಇನ್ನೊಂದು ಮುಚ್ಚಿರುತ್ತದೆ. ಸುಮ್ಮನಿದ್ದಾಗ ಮೇಲಿಂದ ಕೆಳಕ್ಕೆ ಕರೆಂಟಿಗೆ ದಾರಿಯೇ ಇಲ್ಲ. ಸ್ಥಿತಿ ಬದಲಾಗುವ ಕ್ಷಣದಲ್ಲಿ ಮಾತ್ರ ಮುಂದಿನ ತಂತಿಯ ಪುಟ್ಟ ಧಾರಕತೆಯನ್ನು ತುಂಬಿಸಲು ಒಂದು ಗುಟುಕು ಕರೆಂಟು ಬೇಕು. ಅಂದರೆ ಚಿಪ್ ಎಳೆಯುವ ಕರೆಂಟು ಅದು ಮಾಡುತ್ತಿರುವ ಕೆಲಸದ ಲೆಕ್ಕವೇ. ಸುಮ್ಮನಿರಬೇಕಾದಾಗಲೂ ಎಳೆಯುತ್ತಿದ್ದರೆ ಎಲ್ಲೋ ಸೋರಿಕೆ ಇದೆ ಎಂದರ್ಥ. ಚಿಪ್ ಕಾರ್ಖಾನೆಗಳು ಈ ವಿಶ್ರಾಂತಿ ಕರೆಂಟನ್ನೇ ಅಳೆದು ದೋಷವಿರುವ ಚಿಪ್‌ಗಳನ್ನು ಹೆಕ್ಕುವ ಪರೀಕ್ಷೆಯನ್ನು ಬಹುಕಾಲದಿಂದ ನಡೆಸುತ್ತಿವೆ. ಮೊಬೈಲ್ ಮೆಕ್ಯಾನಿಕ್ ಬಟನ್ ಒತ್ತುವ ಮೊದಲು ಮುಳ್ಳು ನೋಡುವುದೂ ತತ್ವದಲ್ಲಿ ಅದೇ ಪರೀಕ್ಷೆ.

ಅಳೆಯುವುದು ಮಾತ್ರ ಕಾಣುವಷ್ಟು ಸುಲಭವಲ್ಲ. ವೋಲ್ಟೇಜ್ ನೋಡಲು ಏನನ್ನೂ ಬಿಚ್ಚಬೇಕಿಲ್ಲ. ಎರಡು ಪ್ರೋಬ್‌ಗಳನ್ನು ಎರಡು ಕಡೆ ತಾಗಿಸಿದರಾಯಿತು. ಕರೆಂಟು ನೋಡಬೇಕಾದರೆ ತಂತಿಯನ್ನು ಕತ್ತರಿಸಿ, ಮೀಟರನ್ನು ಆ ಬಿರುಕಿನಲ್ಲಿ ಕೂರಿಸಿ, ಇಡೀ ಹರಿವು ಅದರ ಮೂಲಕವೇ ಹೋಗುವಂತೆ ಮಾಡಬೇಕು. ಅನಾಹುತಗಳು ಹುಟ್ಟುವುದು ಇಲ್ಲೇ. ಮಲ್ಟಿಮೀಟರಿನ ಕೆಂಪು ಪ್ರೋಬನ್ನು ‘10ಎ’ ಎಂದಿರುವ ರಂಧ್ರಕ್ಕೆ ಹಾಕಿ ಕರೆಂಟು ಅಳೆದು, ಅದನ್ನು ವಾಪಸ್ ಬದಲಿಸಲು ಮರೆತು, ಮುಂದಿನ ಸಲ ಬ್ಯಾಟರಿಯ ವೋಲ್ಟೇಜ್ ನೋಡಲು ಹೋದರೆ ಪ್ರೋಬ್‌ಗಳು ಶಾರ್ಟ್ ತಂತಿಯಂತೆ ವರ್ತಿಸುತ್ತವೆ. ಮೀಟರಿನಲ್ಲಿ ಫ್ಯೂಸ್ ಇದ್ದರೆ ಅದು ಹೋಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರದ ಎಲೆಕ್ಟ್ರಿಕಲ್ ಅಂಗಡಿವರೆಗೆ ಸಿಗುವ ಹಳದಿ ಬಣ್ಣದ ಡಿಟಿ-830 ಜಾತಿಯ ಮೀಟರಿನಲ್ಲಿ ಆ ರಂಧ್ರದ ಪಕ್ಕದಲ್ಲೇ ‘ಅನ್‌ಫ್ಯೂಸ್ಡ್’ ಎಂದು ಅಚ್ಚಾಗಿರುತ್ತದೆ. ಅಲ್ಲಿ ಫ್ಯೂಸೇ ಇಲ್ಲ. ಆ ಸ್ಥಿತಿಯಲ್ಲಿ ಪ್ರೋಬ್‌ಗಳು ಗೋಡೆಯ ಪ್ಲಗ್ಗಿಗೆ ಹೋದರೆ ಸಿಡಿಯುವುದು ಮೀಟರ್ ಒಂದೇ ಅಲ್ಲ, ಕೈಯೂ.

ಒಂದೇ ಪೆಟ್ಟಿಗೆಯಲ್ಲಿ ಎಲ್ಲ ಅಳತೆಗಳು ಸಿಗಬೇಕೆಂಬ ಆಸೆಗೆ ಈಗ ನೂರು ವರ್ಷ ದಾಟಿದೆ. ಬ್ರಿಟಿಷ್ ಅಂಚೆ ಇಲಾಖೆಯಲ್ಲಿ ಟೆಲಿಗ್ರಾಫ್, ಟೆಲಿಫೋನ್ ಲೈನುಗಳನ್ನು ನೋಡಿಕೊಳ್ಳುತ್ತಿದ್ದ ಡೊನಾಲ್ಡ್ ಮೆಕಾಡಿಗೆ ಕರೆಂಟಿಗೊಂದು, ವೋಲ್ಟೇಜಿಗೊಂದು, ರೋಧಕ್ಕೊಂದು ಉಪಕರಣ ಹೊರುವುದು ಸಾಕಾಗಿತ್ತು. 1923ರಲ್ಲಿ ಅವನ ಯೋಜನೆಯಂತೆ ಮಾರುಕಟ್ಟೆಗೆ ಬಂದ ಏವೋ ಮೀಟರ್ ಆ ಮೂರನ್ನೂ ಒಂದು ಡಬ್ಬಿಗೆ ಇಳಿಸಿತು. ಆಮೇಲೆ ಮುಳ್ಳು ಹೋಗಿ ಅಂಕಿ ಬಂತು. ಕರೆಂಟು ಅಳೆಯುವ ಒಳಗುಟ್ಟು ಮಾತ್ರ ಬದಲಾಗಲಿಲ್ಲ: ಗೊತ್ತಿರುವ ಒಂದು ಸಣ್ಣ ರೋಧಕದ ಮೂಲಕ ಹರಿವನ್ನು ಕಳಿಸು, ಅದರ ಎರಡು ತುದಿಗಳ ನಡುವೆ ಎಷ್ಟು ವೋಲ್ಟೇಜ್ ಬಿತ್ತೆಂದು ನೋಡು, ಓಮನ ನಿಯಮದಿಂದ ಭಾಗಿಸು. ಈ ರೋಧಕಕ್ಕೆ ಶಂಟ್ ಎಂದು ಹೆಸರು.

ಶಂಟ್ ಒಂದು ಸುಂಕದ ಕಟ್ಟೆ. ಹಾದುಹೋಗುವವರನ್ನು ಎಣಿಸುತ್ತದೆ, ಎಣಿಸಿದ್ದಕ್ಕೆ ಕಾಸೂ ಕೀಳುತ್ತದೆ; ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲ. ಡಿಟಿ-830ರ ಹೃದಯವಾದ 7106 ಮಾದರಿಯ ಐಸಿಗೆ ಪೂರ್ಣ ಅಳತೆ ಎಂದರೆ 200 ಮಿಲಿವೋಲ್ಟ್. ಹಾಗಾಗಿ 200 ಮಿಲಿ ಆಂಪಿಯರ್ ವ್ಯಾಪ್ತಿಯಲ್ಲಿ ಶಂಟ್ ಒಂದು ಓಂ, 20ರಲ್ಲಿ ಹತ್ತು ಓಂ, 2000 ಮೈಕ್ರೋ ಆಂಪಿಯರಿನಲ್ಲಿ ನೂರು ಓಂ. ಮೇಲಿಂದ ಒಳಗಿನ ಫ್ಯೂಸಿನದ್ದು, ಪ್ರೋಬ್ ವೈರಿನದ್ದು, ಸಡಿಲ ಸಂಪರ್ಕದ್ದು ಸೇರಿ ಇನ್ನೊಂದು ಓಂ ಬಂದರೂ ಬಂತು.

ಇದರ ಪೆಟ್ಟು ಎಲ್ಲಿ ಬೀಳುತ್ತದೆಂದು ಒಂದು ಬೋರ್ಡನ್ನು ಹಿಡಿದು ನೋಡೋಣ. ಇಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಲ್ಲಿ ಈಗ ಎಲ್ಲೆಲ್ಲೂ ಕಾಣುವ ವೈಫೈ ಚಿಪ್ ಇಎಸ್‌ಪಿ32. ವೈಫೈ ಸಂದೇಶ ಕಳಿಸುವ ಹೊತ್ತಿನಲ್ಲಿ ಇದು 240 ಮಿಲಿ ಆಂಪಿಯರಿನಷ್ಟು ಎಳೆಯಬಲ್ಲದು. 3.3 ವೋಲ್ಟಿನ ದಾರಿಯಲ್ಲಿ ಎರಡು ಓಮಿನ ಮೀಟರ್ ಕೂತರೆ ಆ ಕ್ಷಣದಲ್ಲಿ ಅರ್ಧ ವೋಲ್ಟಿನಷ್ಟು ಸುಂಕ ಕಟ್ ಆಗುತ್ತದೆ. ಚಿಪ್‌ಗೆ ತಲುಪುವುದು 2.8ರ ಸುತ್ತ. ತಯಾರಕರು ಶಿಫಾರಸು ಮಾಡುವ ಕನಿಷ್ಠ 3.0. ಮೀಟರ್ ಇಲ್ಲದಾಗ ಸಲೀಸಾಗಿ ಓಡುತ್ತಿದ್ದ ಬೋರ್ಡು ಮೀಟರ್ ಹಾಕಿದ ತಕ್ಷಣ ಪದೇ ಪದೇ ರೀಸೆಟ್ ಆಗತೊಡಗುತ್ತದೆ. ಹುಡುಗರು ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತಾ ರಾತ್ರಿ ಕಳೆಯುತ್ತಾರೆ. ತಪ್ಪು ಇರುವುದು ಅಳೆಯುವ ಪೆಟ್ಟಿಗೆಯಲ್ಲಿ.

ಇದೇ ಚಿಪ್‌ಗೆ ಗಾಢನಿದ್ದೆಯ ಸ್ಥಿತಿಯೊಂದಿದೆ. ಅಲ್ಲಿ ಅದಕ್ಕೆ ಹತ್ತು ಮೈಕ್ರೋ ಆಂಪಿಯರ್ ಸಾಕು. (ಒಂದು ಮೈಕ್ರೋ ಆಂಪಿಯರ್ ಎಂದರೆ ಸೆಕೆಂಡಿಗೆ ಸುಮಾರು 6.24 ಲಕ್ಷ ಕೋಟಿ ಎಲೆಕ್ಟ್ರಾನ್‌ಗಳು. ಸಣ್ಣದೆನ್ನುವ ಮೊದಲು ಇದೂ ಗೊತ್ತಿರಲಿ.) ಎಚ್ಚರಕ್ಕೂ ನಿದ್ದೆಗೂ ಇಪ್ಪತ್ತು ಸಾವಿರ ಪಟ್ಟಿಗಿಂತ ಹೆಚ್ಚಿನ ಅಂತರ. ನಿದ್ದೆಯನ್ನು ಅಳೆಯಲು ಮೀಟರನ್ನು ಮೈಕ್ರೋ ವ್ಯಾಪ್ತಿಗೆ ತಿರುಗಿಸಿದರೆ ನೂರು ಓಂ ದಾರಿಗೆ ಬರುತ್ತದೆ. ಚಿಪ್ ಒಮ್ಮೆ ಎಚ್ಚೆತ್ತು ಬರೀ 20 ಮಿಲಿ ಆಂಪಿಯರ್ ಕೇಳಿದರೂ ಎರಡು ವೋಲ್ಟ್ ಅಲ್ಲೇ ಹೋಯಿತು. ಅದು ನಿದ್ದೆಗೆ ಜಾರುವ ಮೊದಲೇ ಸತ್ತಿರುತ್ತದೆ.

ಅಡಿಕೆ ತೋಟದಲ್ಲಿ ಮಣ್ಣಿನ ತೇವ ನೋಡಿ ಕಾಲು ಗಂಟೆಗೊಮ್ಮೆ ಮನೆಗೆ ಸುದ್ದಿ ಕಳಿಸುವ ಒಂದು ಸೆನ್ಸರ್ ಇಡುತ್ತೀರೆನ್ನಿ. ಎಚ್ಚರಗೊಂಡ ಎರಡು ಸೆಕೆಂಡು ಸರಾಸರಿ 100 ಮಿಲಿ ಆಂಪಿಯರ್, ಉಳಿದ 898 ಸೆಕೆಂಡು ಹತ್ತು ಮೈಕ್ರೋ. ಒಟ್ಟು ಸರಾಸರಿ 0.23 ಮಿಲಿ ಆಂಪಿಯರ್. 2000 ಮಿಲಿ ಆಂಪಿಯರ್-ಗಂಟೆಯ ಬ್ಯಾಟರಿ ಹೆಚ್ಚುಕಡಿಮೆ ಒಂದು ವರ್ಷ ಬರಬೇಕು. ಕಾಗದದ ಮೇಲೆ ಚೆಂದದ ಲೆಕ್ಕ. ತೋಟದಲ್ಲಿ ಅದು ಹದಿನಾರನೇ ದಿನಕ್ಕೆ ಮಲಗುತ್ತದೆ. ಕಾರಣ ಚಿಪ್ ಅಲ್ಲ, ಅದೇ ಬೋರ್ಡಿನ ಮೂಲೆಯಲ್ಲಿ ಕೂತ ಮೂರು ಕಾಲಿನ ರೆಗ್ಯುಲೇಟರ್. ಅಗ್ಗದ ಬೋರ್ಡುಗಳ ಅಚ್ಚುಮೆಚ್ಚಿನ 1117 ಜಾತಿಯ ರೆಗ್ಯುಲೇಟರ್ ಯಾರಿಗೂ ಏನೂ ಕೊಡದೆ ಇದ್ದಾಗಲೂ ತನ್ನ ಪಾಲಿಗೆ ಐದು ಮಿಲಿ ಆಂಪಿಯರಿನಷ್ಟು ಕುಡಿಯುತ್ತದೆ. ಚಿಪ್ ನಿದ್ದೆ ಮಾಡಿದರೇನು, ಕಾವಲುಗಾರ ಹಗಲೂ ರಾತ್ರಿ ಊಟ ಮಾಡುತ್ತಿದ್ದಾನೆ. ‘ಪವರ್ ಬಂದಿದೆ’ ಎಂದು ತೋರಿಸುವ ಪುಟ್ಟ ಎಲ್‌ಇಡಿಯನ್ನು ಈ ಲೆಕ್ಕಕ್ಕೆ ಇನ್ನೂ ಸೇರಿಸಿಲ್ಲ. ಚಿಪ್‌ನ ಡೇಟಾಶೀಟ್ ಓದಿ ಬ್ಯಾಟರಿ ಬಾಳಿಕೆಯ ಜಾಹೀರಾತು ಮಾಡುವವರನ್ನು ನಾನು ನಂಬುವುದಿಲ್ಲ; ಬ್ಯಾಟರಿಯ ಬಾಯಲ್ಲೇ ಕೂತು ಅಳೆದ ಅಂಕಿ ಇದ್ದರೆ ತೋರಿಸಲಿ.

ಹಾಗಾದರೆ ಸುಂಕ ತೆರದೆ ಅಳೆಯುವುದು ಹೇಗೆ? ಪೂರ್ತಿ ತಪ್ಪಿಸಲಾಗದು, ಕಡಿಮೆ ಮಾಡಬಹುದು. ಕಾಸು ಖರ್ಚಿಲ್ಲದ ಉಪಾಯವೆಂದರೆ ಮೀಟರಿನ ಎರಡು ಪ್ರೋಬ್‌ಗಳ ನಡುವೆ ಒಂದು ತಂತಿ ಅಥವಾ ಸ್ವಿಚ್ ಹಾಕಿ ಮೊದಲು ಶಾರ್ಟ್ ಮಾಡಿಡುವುದು. ಬೋರ್ಡು ಶುರುವಾಗಲಿ, ವೈಫೈ ಕೆಲಸ ಮುಗಿಸಲಿ, ಮಲಗಲಿ. ಆಮೇಲೆ ಸ್ವಿಚ್ ತೆರೆದರೆ ಮೀಟರಿನ ಪಾಲಿಗೆ ಬರುವುದು ನಿದ್ದೆಯ ಕರೆಂಟು ಮಾತ್ರ. ಏಳುವ ಮೊದಲು ಮತ್ತೆ ಮುಚ್ಚಬೇಕು. ಮರೆತರೆ ಬೋರ್ಡು ಆಗಲೇ ನೆನಪಿಸುತ್ತದೆ.

ಇನ್ನೊಂದು ಉಪಾಯಕ್ಕೆ ಆಂಪಿಯರ್ ಮೀಟರೇ ಬೇಡ. ಬ್ಯಾಟರಿಯ ಜಾಗದಲ್ಲಿ ಒಂದು ದೊಡ್ಡ ಕೆಪಾಸಿಟರ್ ತುಂಬಿಸಿಡಿ, ಅದರ ವೋಲ್ಟೇಜ್ ಎಷ್ಟು ಬೇಗ ಇಳಿಯುತ್ತದೆ ಎಂದು ಗಡಿಯಾರ ಹಿಡಿದು ನೋಡಿ. 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ನೂರು ಸೆಕೆಂಡಿನಲ್ಲಿ 0.1 ವೋಲ್ಟ್ ಇಳಿದರೆ ಎಳೆಯುತ್ತಿರುವುದು ಸರಿಯಾಗಿ ಒಂದು ಮೈಕ್ರೋ ಆಂಪಿಯರ್. ಕೆಪಾಸಿಟರ್ ತಾನೇ ಸೋರುವುದನ್ನು ಮೊದಲು ಬೇರೆಯಾಗಿ ನೋಡಿಟ್ಟುಕೊಳ್ಳಬೇಕು. ವೋಲ್ಟೇಜನ್ನೂ ಪ್ರೋಬ್ ಒತ್ತಿ ಹಿಡಿಯದೆ ಆಗೊಮ್ಮೆ ಈಗೊಮ್ಮೆ ತಾಗಿಸಿ ನೋಡಬೇಕು. ವೋಲ್ಟ್‌ಮೀಟರಿನ ಹತ್ತು ಮೆಗಾ ಓಂ ಕೂಡ ಈ ಮಟ್ಟದಲ್ಲಿ ಕುಡಿಯುವ ಬಾಯಿಯೇ. ಈ ವಿಧಾನ ಸರಾಸರಿಯನ್ನು ಮೋಸವಿಲ್ಲದೆ ಹೇಳುತ್ತದೆ.

ಆಸ್ಟ್ರೇಲಿಯಾದ ಇಂಜಿನಿಯರ್ ಡೇವ್ ಜೋನ್ಸ್ 2009ರಲ್ಲಿ ಪ್ರಕಟಿಸಿದ ‘ಮೈಕ್ರೋಕರೆಂಟ್’ ಎಂಬ ಪುಟ್ಟ ಸಾಧನದ ಹಾದಿ ಬೇರೆ. ಶಂಟನ್ನು ನೂರರಲ್ಲಿ ಒಂದು ಪಾಲಿಗೆ ಇಳಿಸಿ, ಅಲ್ಲಿ ಬೀಳುವ ಅಲ್ಪ ವೋಲ್ಟೇಜನ್ನು ನಿಖರವಾಗಿ ನೂರು ಪಟ್ಟು ಹಿಗ್ಗಿಸಿ ಸಾಮಾನ್ಯ ಮೀಟರಿಗೆ ಕೊಡುವುದು. ಮಿಲಿ ಆಂಪಿಯರ್ ವ್ಯಾಪ್ತಿಯಲ್ಲಿ ಅದರ ಶಂಟ್ ಕೇವಲ ಹತ್ತು ಮಿಲಿ ಓಂ. ಇದಕ್ಕೂ ಮುಂದುವರಿದು, ಹರಿವು ಏರಿದಾಗ ಶಂಟನ್ನು ತಾವೇ ಬದಲಿಸಿಕೊಂಡು ಸೆಕೆಂಡಿಗೆ ಲಕ್ಷ ಸಲ ಅಳೆದು ಕಂಪ್ಯೂಟರ್ ಪರದೆಯ ಮೇಲೆ ರೇಖೆ ಬಿಡಿಸುವ ಸಾಧನಗಳು ಈಗ ಹವ್ಯಾಸಿಗಳ ಕೈಗೂ ಬಂದಿವೆ. ಸೆಕೆಂಡಿಗೆ ಮೂರು ಸಲ ಅಂಕಿ ಬದಲಿಸುವ ಮಲ್ಟಿಮೀಟರಿನಲ್ಲಿ ಕೆಲವು ಮಿಲಿ ಸೆಕೆಂಡಿನ ಏರಿಳಿತ ಕರಗಿಹೋಗುತ್ತದೆ. ರೇಖೆಯಲ್ಲಿ ಪ್ರತಿ ವೈಫೈ ಸಂದೇಶವೂ ಒಂದೊಂದು ಶಿಖರವಾಗಿ ನಿಲ್ಲುತ್ತದೆ.

ತಂತಿ ಕತ್ತರಿಸದೆ ಅಳೆಯುವ ಕ್ಲ್ಯಾಂಪ್ ಮೀಟರ್ ಇದೆಯಲ್ಲ ಎನ್ನಬಹುದು. ಡಿಸಿ ಕ್ಲ್ಯಾಂಪ್ ನಿಂತಿರುವುದು ಎಡ್ವಿನ್ ಹಾಲ್ 1879ರಲ್ಲಿ ಕಂಡ ಪರಿಣಾಮದ ಮೇಲೆ. ತಂತಿಯ ಸುತ್ತಲಿನ ಕಾಂತಕ್ಷೇತ್ರವನ್ನು ಅದು ಓದುತ್ತದೆ. ಹತ್ತಾರು ಆಂಪಿಯರ್ ಇದ್ದಲ್ಲಿ ಅದಕ್ಕೆ ಸಾಟಿಯಿಲ್ಲ. ಮಿಲಿ ಆಂಪಿಯರಿಗೆ ಇಳಿದರೆ ಭೂಮಿಯ ಕಾಂತಕ್ಷೇತ್ರವೇ ನಡುವೆ ಬಾಯಿ ಹಾಕುತ್ತದೆ, ಮೀಟರನ್ನು ಸ್ವಲ್ಪ ತಿರುಗಿಸಿದರೂ ಅಂಕಿ ಬದಲಾಗುತ್ತದೆ.

ಕಾರು ಮೆಕ್ಯಾನಿಕ್‌ಗಳು ಕಂಡುಕೊಂಡ ದಾರಿ ನನಗೆ ಇವೆಲ್ಲಕ್ಕಿಂತ ಇಷ್ಟ. ನಿಲ್ಲಿಸಿದ ಕಾರಿನ ಬ್ಯಾಟರಿ ಎರಡು ದಿನಕ್ಕೆ ಇಳಿದರೆ ಯಾವುದೋ ಭಾಗ ಕಳ್ಳತನದಿಂದ ಎಳೆಯುತ್ತಿದೆ. ಫ್ಯೂಸ್‌ಗಳನ್ನು ಒಂದೊಂದಾಗಿ ಕಿತ್ತು ನೋಡುವುದು ಹಳೆಯ ಪದ್ಧತಿ. ಆದರೆ ಇಂದಿನ ಕಾರಿನಲ್ಲಿ ಫ್ಯೂಸ್ ಕಿತ್ತು ಹಾಕಿದರೆ ಮಲಗಿದ್ದ ಕಂಪ್ಯೂಟರ್‌ಗಳು ಎದ್ದು ಕೂರುತ್ತವೆ, ಕಳ್ಳ ಗುಂಪಿನಲ್ಲಿ ಮರೆಯಾಗುತ್ತಾನೆ. ಫ್ಯೂಸ್ ಕೂಡ ಒಂದು ತಂತಿಯ ತುಂಡು, ಅದಕ್ಕೂ ಕೆಲವು ಮಿಲಿ ಓಂ ರೋಧವಿದೆ. ಬ್ಲೇಡ್ ಫ್ಯೂಸಿನ ತಲೆಯ ಮೇಲೆ ಲೋಹ ಕಾಣುವ ಎರಡು ಚುಕ್ಕೆಗಳಿರುತ್ತವೆ. ಕಾರನ್ನು ಲಾಕ್ ಮಾಡಿ, ಅದು ಪೂರ್ತಿ ಮಲಗಲೆಂದು ಅರ್ಧ ಗಂಟೆಯೋ ಇನ್ನೂ ಹೆಚ್ಚೋ ಬಿಟ್ಟು, ಆ ಚುಕ್ಕೆಗಳಿಗೆ ಮಿಲಿವೋಲ್ಟ್ ಮೀಟರ್ ತಾಗಿಸಿದರೆ ಸೊನ್ನೆಯಲ್ಲದ ಅಂಕಿ ಬಂದ ಫ್ಯೂಸಿನ ಹಿಂದೆಯೇ ಕಳ್ಳ. ಫ್ಯೂಸಿನ ರೇಟಿಂಗ್‌ಗೆ ತಕ್ಕಂತೆ ಮಿಲಿವೋಲ್ಟನ್ನು ಮಿಲಿ ಆಂಪಿಯರಿಗೆ ಬದಲಿಸುವ ಪಟ್ಟಿಗಳೂ ಇವೆ. ಶಂಟ್ ಮೊದಲಿಂದಲೂ ಅಲ್ಲೇ ಇತ್ತು. ಹೊಸ ಸುಂಕವಿಲ್ಲ, ಯಾರನ್ನೂ ಎಬ್ಬಿಸಬೇಕಿಲ್ಲ.

ಯಾವ ತಂತಿಯಲ್ಲಿ ಅಳೆಯಬೇಕು ಎಂಬುದೂ ಎಷ್ಟು ನಿಖರವಾಗಿ ಎಂಬಷ್ಟೇ ಮುಖ್ಯ. ಇದಕ್ಕೆ ಕಂಪ್ಯೂಟರ್ ಚರಿತ್ರೆಯಲ್ಲೊಂದು ಪ್ರಸಿದ್ಧ ಸಾಕ್ಷಿ ಇದೆ. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಏಕಾರ್ನ್ ಎಂಬ ಸಣ್ಣ ಕಂಪನಿಯ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ವಿನ್ಯಾಸ ಮಾಡಿದ ಮೊದಲ ಆರ್ಮ್ ಚಿಪ್ 1985ರ ಏಪ್ರಿಲ್ 26ರಂದು ಕಾರ್ಖಾನೆಯಿಂದ ಕೈಗೆ ಬಂತು, ಅಂದೇ ಓಡಿತು. ಅಗ್ಗದ ಪ್ಲಾಸ್ಟಿಕ್ ಪೊರೆಯಲ್ಲಿ ಕೂರಬೇಕಾದರೆ ಅದು ಒಂದು ವಾಟಿನ ಒಳಗಿರಬೇಕಿತ್ತು. ಆದ್ದರಿಂದ ಫರ್ಬರ್ ಕರೆಂಟು ಅಳೆಯಲು ಸಪ್ಲೈ ದಾರಿಯಲ್ಲಿ ಆಂಪಿಯರ್ ಮೀಟರ್ ಹಾಕಿದರು. ಮೀಟರ್ ಸೊನ್ನೆ ತೋರಿಸಿತು. ಚಿಪ್ ಮಾತ್ರ ಪ್ರೋಗ್ರಾಂ ಓಡಿಸುತ್ತಲೇ ಇತ್ತು.

ಹುಡುಕಿದಾಗ ಸಿಕ್ಕಿದ್ದು ಬೋರ್ಡಿನ ದೋಷ: ಚಿಪ್‌ನ ಸಪ್ಲೈ ಪಿನ್‌ಗೆ ಸಂಪರ್ಕವೇ ಇರಲಿಲ್ಲ. ಸುತ್ತಲಿನ ಚಿಪ್‌ಗಳಿಂದ ಬರುತ್ತಿದ್ದ ಸಂಕೇತದ ತಂತಿಗಳಿಂದ ಸೋರಿ, ಪಿನ್‌ಗಳ ರಕ್ಷಣೆಗೆಂದು ಇಟ್ಟ ಡಯೋಡ್‌ಗಳ ಮೂಲಕ ಒಳನುಸುಳಿದ ಕರೆಂಟಿನಿಂದಲೇ ಅದು ಬದುಕಿತ್ತು. ಸರಿಯಾಗಿ ಜೋಡಿಸಿ ಅಳೆದಾಗಲೂ ಬೇಕಾದದ್ದು ಒಂದು ವಾಟಿನ ಹತ್ತನೇ ಒಂದು ಭಾಗದಷ್ಟೇ. ಇಂದು ಹೆಚ್ಚುಕಡಿಮೆ ಎಲ್ಲ ಮೊಬೈಲುಗಳೊಳಗೆ ಇರುವುದು ಆ ಚಿಪ್‌ನ ವಂಶ. ಈ ಕಥೆಯನ್ನು ಆರ್ಮ್‌ನ ಮಿತವ್ಯಯದ ಗುಣಗಾನಕ್ಕೆ ಹೇಳುವುದು ವಾಡಿಕೆ. ನನಗೆ ಇದರಲ್ಲಿ ಕಾಣುವುದು ಅಳತೆಯ ಪಾಠ. ಅಂದು ಮೀಟರ್ ಸುಳ್ಳು ಹೇಳಲಿಲ್ಲ. ಅದು ಕೂತಿದ್ದ ತಂತಿಯಲ್ಲಿ ನಿಜಕ್ಕೂ ಏನೂ ಹರಿಯುತ್ತಿರಲಿಲ್ಲ.

ತೋಟದ ಸೆನ್ಸರ್ ಮಾಡುವವರಿಗೆ ಇದು ಇಂದಿಗೂ ಕಾಡುವ ತೊಂದರೆ. ಬ್ಯಾಟರಿ ಉಳಿಸಲೆಂದು ಸೆನ್ಸರಿನ ಪವರನ್ನು ಟ್ರಾನ್ಸಿಸ್ಟರ್ ಸ್ವಿಚ್ಚಿನಿಂದ ಕಡಿಯುತ್ತಾರೆ. ಆದರೆ ಡೇಟಾ ತಂತಿಗಳು ಮೇಲ್ಮಟ್ಟದಲ್ಲೇ ನಿಂತಿರುತ್ತವೆ; ಮುಂಬಾಗಿಲು ಮುಚ್ಚಿದರೂ ಹಿತ್ತಿಲ ಬಾಗಿಲಿನಿಂದ ಕರೆಂಟು ಒಳಗೆ ಹೋಗುತ್ತಿರುತ್ತದೆ. ಸೆನ್ಸರಿನ ಪವರ್ ತಂತಿಯಲ್ಲಿ ಅಳೆದರೆ ಸೊನ್ನೆ, ಬ್ಯಾಟರಿಯಲ್ಲಿ ಅಳೆದರೆ ಸೊನ್ನೆಯಲ್ಲ. ಮಲಗುವ ಮೊದಲು ಆ ಡೇಟಾ ಪಿನ್‌ಗಳನ್ನೂ ಕೆಳಮಟ್ಟಕ್ಕೆ ಇಳಿಸುವುದು, ಅವನ್ನು ಮೇಲೆತ್ತಿ ಹಿಡಿಯುವ ರೋಧಕಗಳನ್ನು ಸ್ವಿಚ್ಚಿನ ಆಚೆಗೆ ಜೋಡಿಸುವುದು ಇದಕ್ಕೆ ಮದ್ದು.

ಕರೆಂಟಿನ ಏರಿಳಿತ ಚಿಪ್ ಮಾಡುತ್ತಿರುವ ಕೆಲಸದ ಲೆಕ್ಕ ಎಂದ ಮೇಲೆ, ಗುಟ್ಟಾಗಿ ಮಾಡುವ ಕೆಲಸವೂ ಅದರಲ್ಲಿ ಕಾಣಬೇಕಲ್ಲವೇ? ಅಮೆರಿಕದ ಪಾಲ್ ಕೋಚರ್, ಜೋಶುವಾ ಜಾಫೆ ಮತ್ತು ಬೆಂಜಮಿನ್ ಜುನ್ 1999ರ ಪ್ರಬಂಧವೊಂದರಲ್ಲಿ ಇದನ್ನು ತೋರಿಸಿಕೊಟ್ಟರು. ಬೇಕಾದದ್ದು ಇಷ್ಟೇ: ಸ್ಮಾರ್ಟ್ ಕಾರ್ಡಿನ ಸಪ್ಲೈ ಅಥವಾ ಗ್ರೌಂಡ್ ದಾರಿಯಲ್ಲಿ 50 ಓಮಿನಂಥ ಒಂದು ಸಣ್ಣ ರೋಧಕ, ಅದರ ಮೇಲೆ ಬೀಳುವ ವೋಲ್ಟೇಜನ್ನು ವೇಗವಾಗಿ ದಾಖಲಿಸುವ ಉಪಕರಣ. ಅಂದು ಚಾಲ್ತಿಯಲ್ಲಿದ್ದ ಡಿಇಎಸ್ ಎಂಬ ಗೂಢಲಿಪಿ ವಿಧಾನದಲ್ಲಿ ಹದಿನಾರು ಸುತ್ತುಗಳಿವೆ; ಕಾರ್ಡಿನ ಕರೆಂಟಿನ ರೇಖೆಯಲ್ಲಿ ಆ ಹದಿನಾರೂ ಬರಿಗಣ್ಣಿಗೆ ಕಂಡವು. ಒಂದು ರೇಖೆಯಲ್ಲಿ ಕಾಣದ್ದನ್ನು ಸಾವಿರಾರು ರೇಖೆಗಳನ್ನು ಗುಂಪುಮಾಡಿ, ಸರಾಸರಿಗಳನ್ನು ಒಂದರಿಂದೊಂದು ಕಳೆದು ಹೊರತೆಗೆದರು. ಹೊರಬಿದ್ದದ್ದು ಕಾರ್ಡಿನ ರಹಸ್ಯ ಕೀಲಿ. ಗಣಿತ ಮುರಿಯಲಿಲ್ಲ, ಚಿಪ್ ತೆರೆಯಲಿಲ್ಲ, ಅದು ಎಷ್ಟು ಎಳೆಯುತ್ತಿದೆ ಎಂದು ಮಾತ್ರ ನೋಡಿದರು.

ಅಲ್ಲಿಂದಾಚೆ ಕಾರ್ಡ್ ತಯಾರಕರು ಮೀಟರಿನ ಕಣ್ಣಿಗೆ ಮಣ್ಣೆರಚುವ ವಿದ್ಯೆ ಕಲಿಯಬೇಕಾಯಿತು. ಲೆಕ್ಕದ ನಡುವೆ ಗೊತ್ತುಗುರಿಯಿಲ್ಲದ ವಿಳಂಬ ಸೇರಿಸುವುದು, ಬೇಕೆಂದೇ ಗದ್ದಲ ಎಬ್ಬಿಸುವುದು, ನಿಜವಾದ ಸಂಖ್ಯೆಗೆ ಪ್ರತಿ ಸಲವೂ ಬೇರೊಂದು ಯಾದೃಚ್ಛಿಕ ಸಂಖ್ಯೆಯ ಮುಸುಕು ಹಾಕಿ ಕೆಲಸ ಮಾಡುವುದು. ಬ್ಯಾಂಕ್ ಕಾರ್ಡುಗಳಿಗೆ ಹೋಗುವ ಚಿಪ್‌ಗಳು ಪ್ರಮಾಣಪತ್ರ ಪಡೆಯುವ ಮುನ್ನ ಪರೀಕ್ಷಾಲಯದಲ್ಲಿ ಇದೇ ಬಗೆಯ ದಾಳಿಗೆ ಮೈಯೊಡ್ಡಬೇಕು. ಅಲ್ಲಿನ ಮೇಜಿನ ಮೇಲೆ ಆಸಿಲೋಸ್ಕೋಪು ದುಬಾರಿಯದ್ದಿರಬಹುದು, ಆದರೆ ಸಪ್ಲೈ ದಾರಿಯಲ್ಲಿ ಕೂತ ಶಂಟ್ ಕೆಲವೇ ರೂಪಾಯಿಯದ್ದು.